ಫ್ರೀಮಾಂಟ್ ಡೈರಿ – 14: “ಬಿದ್ದಿಲ್ಲಮ್ಮ, ಕಾಲು ಜಾರಿತು ಅಷ್ಟೆ”

ಹೋದ ವಾರ ಚಿಕ್ಕಮ್ಮ ಫೋನಲ್ಲಿ, “ಅಲ್ಲಿ ಮನೆಮನೆಗೆ ಹೋಗಿ ಏನು ಮಾಡ್ತೀಯೇ, ಅದನ್ನ ಬರಿ” ಅಂದರು. ಅದಕ್ಕೇ ಇದು. ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ನಾನಿಲ್ಲಿ ಹೋಮ್ ಹೆಲ್ತ್ ನರ್ಸ್. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ವಯಸ್ಸಾದವರ ಮನೆಗೆ ಹೋಗಿ ಬಿಪಿ, ಗಾಯ, ಮಾತ್ರೆ ಎಲ್ಲ ನೋಡೋದು ಕೆಲಸ. ಮೊದಲ ಭೇಟಿಯಲ್ಲಿ ತಪ್ಪಿಸುವಂತಿಲ್ಲದ ಒಂದು ಕೆಲಸ ಇದೆ. ಇವರು ಮನೆಯಲ್ಲಿ ಬೀಳುವ ಅಪಾಯ ಎಷ್ಟು ಅಂತ ಲೆಕ್ಕ ಹಾಕೋದು.

ಕೆಲವು ತಿಂಗಳ ಹಿಂದೆ ಒಬ್ಬ ಕನ್ನಡದ ಅಜ್ಜಿಯ ಮನೆಗೆ ಹೋಗಿದ್ದೆ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಪ್ರಶ್ನೆಗಳಿಗೆಲ್ಲ ಮಗನೇ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು. ಮೂರು ತಿಂಗಳಲ್ಲಿ ಬಿದ್ದಿದ್ದಾರಾ? “ನೋ, ನೋ ಫಾಲ್ಸ್.” ಬರೆದುಕೊಂಡೆ. ಅವರು ಮೀಟಿಂಗ್ ಅಂತ ಮೇಲಿನ ರೂಮಿಗೆ ಹೋದರು. ಬಿಪಿ ಪಟ್ಟಿ ಸುತ್ತುವಾಗ ಅಜ್ಜಿಯ ಮೊಣಕೈ ಹತ್ತಿರ ಹಸಿರುಗಟ್ಟಿದ ಕಲೆ ಕಂಡಿತು. ಇದೇನಜ್ಜಿ ಅಂದೆ.

“ಅದಾ, ಬಚ್ಚಲಲ್ಲಿ ಕಾಲು ಜಾರಿತು ಕಣಮ್ಮ. ಬಿದ್ದಿಲ್ಲ, ಹಂಗೇ ಕೂತ್ಕೊಂಡೆ ಅಷ್ಟೆ. ಮಗನಿಗೆ ಹೇಳ್ಬೇಡ, ಆಮೇಲೆ ಒಬ್ಬಳನ್ನೇ ಎದ್ದು ಓಡಾಡೋಕೂ ಬಿಡಲ್ಲ.”

ಈ ಮಾತು ನನಗೆ ಹೊಸದಲ್ಲ. ನಮ್ಮಜ್ಜಿ ವಿಷಯ ನಿಮಗೆಲ್ಲ ಗೊತ್ತು. ನಾನು ಬಿಎಸ್ಸಿ ಎರಡನೇ ವರ್ಷದಲ್ಲಿದ್ದಾಗ ಹಿತ್ತಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಏಳು ತಿಂಗಳು ಹಾಸಿಗೆ ಹಿಡಿದು ಹೋದರು. “ವಯಸ್ಸಾಗಿತ್ತು, ಬಿದ್ದರು” ಅಂತ ಬಂದವರೆಲ್ಲ ಅಂದರು, ನಾನೂ ಅಂದೆ. ಆದರೆ ಅದೇ ವರ್ಷ ಅಜ್ಜಿ ಅದಕ್ಕೆ ಮುಂಚೆ ಎರಡು ಸಲ ಜಾರಿದ್ದರು. ದೀಪಾವಳಿ ನೀರು ತುಂಬೋ ದಿನ ಒಂದು ಸಲ, ದೊಡ್ಡಪ್ಪನ ಮನೆ ಮೆಟ್ಟಿಲಲ್ಲಿ ಒಂದು ಸಲ. ನಮಗೆಲ್ಲ ಗೊತ್ತಿತ್ತು. ಯಾರೂ ಲೆಕ್ಕ ಇಟ್ಟಿರಲಿಲ್ಲ.

ಹಾಗಾದರೆ ಈ ಲೆಕ್ಕ ಇಡೋದನ್ನ ಯಾರು ಶುರು ಮಾಡಿದರು ಅಂತ ಕುತೂಹಲ ಆಯ್ತು. ಹುಡುಕಿ ಓದಿದೆ.

ಕಥೆ ಶುರುವಾಗೋದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಅನ್ನೋ ಕಾರ್ಖಾನೆ ಊರಲ್ಲಿ. ಅಲ್ಲಿ ಜೋಸೆಫ್ ಶೆಲ್ಡನ್ ಅಂತ ಒಬ್ಬ ಡಾಕ್ಟರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, ಆಸ್ಪತ್ರೆಗೆ ಬಂದ ಮುದುಕರನ್ನಷ್ಟೇ ನೋಡಿದರೆ ಮುಪ್ಪು ಅರ್ಥ ಆಗಲ್ಲ ಅಂತ ವಯಸ್ಸಾದವರ ಮನೆಗಳಲ್ಲೇ ಸಮೀಕ್ಷೆ ಮಾಡಿದರು. 1948ರಲ್ಲಿ ಅದು ಪುಸ್ತಕವಾಯಿತು. ಅದರಲ್ಲಿ ಬೀಳುವುದೂ ಒಂದು ಮುಖ್ಯ ವಿಷಯ. 1960ರಲ್ಲಿ ಅವರು 202 ಜನರ 500 ಬೀಳುವಿಕೆಗಳನ್ನು ಒಂದೊಂದಾಗಿ ವಿಚಾರಿಸಿ ವಿಂಗಡಿಸಿದರು. ಎಡವಿ ಬಿದ್ದವರು, ತಲೆಸುತ್ತಿ ಬಿದ್ದವರು, ಎದ್ದು ನಿಂತಾಗ ಬಿಪಿ ಇಳಿದು ಬಿದ್ದವರು, ಕಾಲಲ್ಲಿ ಶಕ್ತಿ ಇಲ್ಲದೆ ಬಿದ್ದವರು, ತಲೆ ಹಿಂದಕ್ಕೆ ಎತ್ತಿದಾಗ ಬಿದ್ದವರು. ಕೊನೆಯದನ್ನು ಓದುವಾಗ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವ ನಮ್ಮೂರ ಹೆಂಗಸರೆಲ್ಲ ಕಣ್ಣಮುಂದೆ ಬಂದರು. “ವಯಸ್ಸಾಯ್ತು, ಬಿದ್ದರು” ಅನ್ನೋ ಒಂದೇ ಮಾತನ್ನು ಶೆಲ್ಡನ್ ಹತ್ತು ಕಾರಣಗಳಾಗಿ ಒಡೆದರು. ಕಾರಣ ಅಂತ ಇದ್ದರೆ ತಾನೇ ತಡೆಯೋದಕ್ಕೆ ದಾರಿ.

ಆಮೇಲೆ 1986. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಥಾಯಸ್, ನಾಯಕ್, ಐಸಾಕ್ಸ್ ಅನ್ನೋ ಮೂವರು ಸೇರಿ “ಗೆಟ್ ಅಪ್ ಅಂಡ್ ಗೋ” ಅಂತ ಒಂದು ಪರೀಕ್ಷೆ ತಂದರು. ನಾಯಕ್ ಅನ್ನೋ ಹೆಸರು ನೋಡಿ ನನಗೆ ಖುಷಿ ಆಗಿದ್ದು ಸುಳ್ಳಲ್ಲ! ಯಾವ ಯಂತ್ರವೂ ಬೇಡ. ಕುರ್ಚಿಯಿಂದ ಏಳಿ, 3 ಮೀಟರ್ ನಡೀರಿ, ತಿರುಗಿ, ವಾಪಸ್ ಬಂದು ಕೂರಿ. ನೋಡುವವರು ಕಣ್ಣಳತೆಯಲ್ಲಿ 1ರಿಂದ 5ರವರೆಗೆ ಅಂಕ ಕೊಡಬೇಕು. ಆದರೆ ಒಬ್ಬರ ಕಣ್ಣಿಗೆ 2 ಆದದ್ದು ಇನ್ನೊಬ್ಬರಿಗೆ 3. 1991ರಲ್ಲಿ ಕೆನಡಾದ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದೇ ಪರೀಕ್ಷೆಗೆ ಸ್ಟಾಪ್‌ವಾಚ್ ಸೇರಿಸಿದರು. ಜಗಳ ಮುಗೀತು. ಇವತ್ತು ಅಮೆರಿಕದ ಸಿಡಿಸಿ ಹೇಳುವ ಗಡಿ 12 ಸೆಕೆಂಡು. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಹುಷಾರಾಗಿರಬೇಕು.

ಅದೇ ಹೊತ್ತಿಗೆ ಅಮೆರಿಕದ ಯೇಲ್‌ನಲ್ಲಿ ಮೇರಿ ಟಿನೆಟ್ಟಿ ಅನ್ನೋ ಡಾಕ್ಟರು ತಮ್ಮ ಮನೆಗಳಲ್ಲೇ ಇರುವ, 75 ದಾಟಿದ 336 ಜನರನ್ನು ಒಂದು ವರ್ಷ ಗಮನಿಸಿದರು. 1988ರಲ್ಲಿ ಫಲಿತಾಂಶ ಬಂತು. ಆ ವರ್ಷ 108 ಜನ ಒಂದು ಸಲವಾದರೂ ಬಿದ್ದಿದ್ದರು, ಅಂದರೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ನಿದ್ದೆ ಮಾತ್ರೆ, ಮರೆವು, ಕಾಲಿನ ತೊಂದರೆ, ಪಾದದ ನೋವು, ಸಮತೋಲನ, ಇಂಥ ಕಾರಣ ಒಂದೂ ಇಲ್ಲದವರಲ್ಲಿ ಬಿದ್ದವರು ನೂರಕ್ಕೆ 8. ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 78. ಎಲ್ಲರೂ ವಯಸ್ಸಾದವರೇ. ವಯಸ್ಸೊಂದೇ ಬೀಳಿಸಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1994ರಲ್ಲಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. 70 ದಾಟಿದ 301 ಜನರಲ್ಲಿ ಅರ್ಧದಷ್ಟು ಮಂದಿಗೆ ನರ್ಸ್ ಮತ್ತು ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಮಾತ್ರೆ ಸರಿಪಡಿಸಿದರು, ವ್ಯಾಯಾಮ ಕಲಿಸಿದರು. ಒಂದು ವರ್ಷದಲ್ಲಿ ಅವರಲ್ಲಿ ಬಿದ್ದವರು ಶೇ. 35, ಉಳಿದವರಲ್ಲಿ ಶೇ. 47. ನ್ಯೂಜಿಲೆಂಡಿನಲ್ಲೂ ಹೀಗೇ. ಒಟಾಗೊ ಅನ್ನೋ ವ್ಯಾಯಾಮವನ್ನು ನರ್ಸ್ ಮನೆಮನೆಗೆ ಹೋಗಿ ಕಲಿಸಿ, ಬೀಳುವುದು ಸುಮಾರು ಅರ್ಧಕ್ಕೆ ಇಳಿದದ್ದು 2001ರಲ್ಲಿ ಪ್ರಕಟವಾಯಿತು. ನರ್ಸ್ ಅಂದರೆ ಇಂಜೆಕ್ಷನ್ ಚುಚ್ಚೋಳು ಅನ್ನೋ ನಮ್ಮೂರಿನ ಕೆಲವರಿಗೆ ಇದನ್ನ ಓದಿ ಹೇಳಿ!

ಈಗ ನಮ್ಮ ಕೈಯಲ್ಲಿರೋ ಫಾರಂ ಮಿಸೌರಿ ರಾಜ್ಯದ ಹೋಮ್ ಕೇರ್ ಸಂಘದವರು ಮಾಡಿದ್ದು. ಹತ್ತೇ ಪ್ರಶ್ನೆ: 65 ದಾಟಿದೆಯಾ, ಮೂರಕ್ಕಿಂತ ಕಡಿಮೆಯಿಲ್ಲದ ಕಾಯಿಲೆ ಇದೆಯಾ, ಮೂರು ತಿಂಗಳಲ್ಲಿ ಬಿದ್ದಿದ್ದೀರಾ, ಮೂತ್ರಕ್ಕೆ ಅವಸರ ಆಗುತ್ತಾ, ಕಣ್ಣು ಹೇಗಿದೆ, ನಡಿಗೆ ಹೇಗಿದೆ, ಮನೆಯಲ್ಲಿ ಎಡವುವಂಥದ್ದು ಏನಾದರೂ ಇದೆಯಾ, ನಾಲ್ಕು ಅಥವಾ ಹೆಚ್ಚು ಥರದ ಔಷಧಿ ಇದೆಯಾ, ನೋವಿದೆಯಾ, ಮರೆವಿದೆಯಾ. ನಾಲ್ಕಕ್ಕೆ ಹೌದು ಅಂದರೆ ಅಪಾಯ. ಊರಲ್ಲಾದರೆ ಹೊಸ್ತಿಲು, ಒದ್ದೆ ಬಚ್ಚಲು, ಕರೆಂಟ್ ಹೋದ ರಾತ್ರಿ. ಇಲ್ಲಿ ಮಹಡಿ ಮೆಟ್ಟಿಲು, ಮಡಚಿಕೊಂಡ ಕಾರ್ಪೆಟ್, ಕಾಲೆತ್ತಿ ದಾಟಬೇಕಾದ ಬಾತ್‌ಟಬ್.

ಫಾರಂ ಚೆನ್ನಾಗಿಯೇ ಇದೆ. ಆದರೆ ಆ ಮನೆಯಲ್ಲಿ ಮೂರನೇ ಪ್ರಶ್ನೆಗೆ ನಾನು ಬರೆದದ್ದು ತಪ್ಪು ಉತ್ತರ. 1987ರಲ್ಲೇ ತಜ್ಞರ ಗುಂಪೊಂದು ಬೀಳುವುದು ಅಂದರೆ ಏನು ಅಂತ ಬರೆದಿಟ್ಟಿದೆ: ಪೆಟ್ಟು, ಪಾರ್ಶ್ವವಾಯು, ಮೂರ್ಛೆ ಇಲ್ಲದೆ, ಉದ್ದೇಶವಿಲ್ಲದೆ ನೆಲಕ್ಕೋ ಬೇರೆ ಯಾವುದಾದರೂ ಕೆಳಗಿನ ಮಟ್ಟಕ್ಕೋ ಬರುವುದು. ಅಂದರೆ “ಹಂಗೇ ಕೂತ್ಕೊಂಡೆ” ಅಂದದ್ದೂ ಬಿದ್ದದ್ದೇ. ಅಜ್ಜಿ ಸುಳ್ಳು ಹೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ಬೀಳುವುದು ಅಂದರೆ ದೊಡ್ಡ ಅನಾಹುತ, ಉಳಿದದ್ದೆಲ್ಲ ಕಾಲು ಜಾರಿದ್ದು. ಜೊತೆಗೆ ಸ್ವಾತಂತ್ರ್ಯ ಹೋಗುತ್ತೆ ಅನ್ನೋ ಭಯ ಬೇರೆ. ಫ್ರೀಮಾಂಟ್ ನಗರದವರು ಬೇರೆ ಬೇರೆ ಸಮುದಾಯದ ಸ್ವಯಂಸೇವಕರಿಗೇ ತರಬೇತಿ ಕೊಟ್ಟು ಹಿರಿಯರ ಸಹಾಯಕ್ಕೆ ಬಿಟ್ಟಿದ್ದಾರೆ. ಅದು ಯಾಕೆ ಬೇಕು ಅಂತ ನನಗೆ ಅವತ್ತು ಅರ್ಥ ಆಯ್ತು.

“ಅಜ್ಜಿ, ನಾನು ಬರೀಲೇಬೇಕು. ಆದ್ರೆ ಇಬ್ಬರೂ ಸೇರಿ ಹೇಳೋಣ” ಅಂದೆ. ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡರು. ಆಮೇಲೆ ಒಪ್ಪಿದರು. ಮಗನಿಗೆ ನಾನು ಹೇಳಿದ್ದು ಇಷ್ಟೇ: ಅಮ್ಮನ ಓಡಾಟ ನಿಲ್ಲಿಸಬೇಡಿ, ಬಚ್ಚಲಿಗೆ ಹಿಡಿ ಹಾಕಿಸಿ. ಕೂತೇ ಇದ್ದರೆ ಕಾಲು ಇನ್ನೂ ಸೋಲುತ್ತೆ. ಡಾಕ್ಟರಿಗೆ ಫೋನ್ ಮಾಡಿ ನಿದ್ದೆ ಮಾತ್ರೆ ಬಗ್ಗೆ ಕೇಳಿದೆವು, ಫಿಸಿಯೋಥೆರಪಿ ಶುರುವಾಯಿತು. ಕೊನೆಯ ಭೇಟಿಯ ದಿನ ಅಜ್ಜಿಯೇ ಬಾಗಿಲು ತೆಗೆದು ಕಾಫಿ ಕೊಟ್ಟರು.

ನಮ್ಮ ದೇಶದಲ್ಲೂ 2017–18ರ ದೊಡ್ಡ ಸಮೀಕ್ಷೆಯಲ್ಲಿ, 45 ದಾಟಿದವರು ಮತ್ತು ಅವರ ಗಂಡ-ಹೆಂಡತಿ ಸೇರಿ 72 ಸಾವಿರಕ್ಕೂ ಹೆಚ್ಚು ಜನರ ಆರೋಗ್ಯ ವಿಚಾರಿಸುವಾಗ ಬಿದ್ದಿದ್ದೀರಾ ಅಂತಲೂ ಕೇಳಿದ್ದಾರೆ. ಆದರೆ ನಿಮ್ಮ ಮನೆಗೆ ಸಮೀಕ್ಷೆಯವರು ಬರೋವರೆಗೆ ಕಾಯಬೇಡಿ.

ಮೊನ್ನೆ ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. “ಬಿದ್ದಿದ್ಯಾ” ಅಂತ ಕೇಳಲಿಲ್ಲ. “ಈ ವರ್ಷ ಎಲ್ಲಾದ್ರೂ ಕಾಲು ಜಾರಿತಾ, ಎಡವಿದ್ಯಾ, ಗೋಡೆ ಹಿಡ್ಕೊಂಡ್ಯಾ?” ಅಂದೆ. ಅಮ್ಮ ಸುಮ್ಮನಿದ್ದು, ಆಮೇಲೆ “ಯುಗಾದಿ ದಿನ ಒಂದ್ಸಲ” ಅಂದಳು. ನನಗೆ ಹೇಳೇ ಇರಲಿಲ್ಲ. ತಮ್ಮನಿಗೆ ಕುರ್ಚಿ ಇಟ್ಟು, 3 ಮೀಟರ್ ಅಳೆದು, ಪಕ್ಕದಲ್ಲೇ ನಿಂತು ನಡೆಸೋಕೆ ಹೇಳಿದೆ. 14 ಸೆಕೆಂಡು. ಈ ವಾರ ಬಚ್ಚಲಿಗೆ ಸ್ಟೀಲ್ ಹಿಡಿ ಹಾಕಿಸ್ತಿದ್ದಾನೆ, ಕಣ್ಣಿನ ಡಾಕ್ಟರ ಹತ್ತಿರಾನೂ ಕರ್ಕೊಂಡು ಹೋಗ್ತಾನೆ.

ನಿಮ್ಮ ಮನೆಯಲ್ಲೂ ಈ ಭಾನುವಾರ ಕೇಳಿ. ಬೈಯದೆ ಕೇಳಿ, ಆಗ ಮಾತ್ರ ನಿಜ ಹೇಳ್ತಾರೆ. ಎಷ್ಟು ಸೆಕೆಂಡು ಬಂತು ಅಂತ ಕೆಳಗೆ ಬರೀರಿ. ಮುಂದಿನ ಸಲ ಆ ವ್ಯಾಯಾಮಗಳ ಬಗ್ಗೆ ಬರೀತೀನಿ.