ಅದಿತಿ ಅಶೋಕ್: ಹವ್ಯಾಸಿ ಗಾಲ್ಫ್‌ನಿಂದ ವೃತ್ತಿಪರ ಕ್ರೀಡೆಗೆ

ಕುಮಾರಿ ಅದಿತಿ ಅಶೋಕ್ ಅವರು 1998ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲಿಯೇ ಗಾಲ್ಫ್ ಅಭ್ಯಾಸವನ್ನು ಆರಂಭಿಸಿದ ಇವರು, ನಗರದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಆಟವನ್ನು ರೂಢಿಸಿಕೊಂಡರು.

ಗಾಲ್ಫ್ ಕ್ರೀಡೆಯಲ್ಲಿ ಹವ್ಯಾಸಿ ಹಾಗೂ ವೃತ್ತಿಪರ ಎಂಬ ಭೇದವು ಆಟದ ಗುಣಮಟ್ಟವನ್ನು ಸೂಚಿಸುವುದಿಲ್ಲ. ಇವರು ಹವ್ಯಾಸಿಯಾಗಿದ್ದ ಕಾಲದ ನಿಯಮದಂತೆ, ಹವ್ಯಾಸಿ ಆಟಗಾರರು ಪಂದ್ಯಾವಳಿಯನ್ನು ಗೆದ್ದರೂ ನಗದು ಬಹುಮಾನವನ್ನು ಸ್ವೀಕರಿಸುವಂತಿರಲಿಲ್ಲ. ಪ್ರಯಾಣ ಮತ್ತು ತರಬೇತಿಯ ಅಧಿಕ ವೆಚ್ಚವನ್ನು ಬಹುಮಾನದ ಹಣದಿಂದ ಭರಿಸಿಕೊಳ್ಳುವ ಮಾರ್ಗವು ಅವರಿಗೆ ಇರಲಿಲ್ಲ.

ಹವ್ಯಾಸಿಯಾಗಿ ಇವರು 2013ರ ಏಷ್ಯನ್ ಯುವ ಕ್ರೀಡಾಕೂಟ, 2014ರ ಯುವ ಒಲಿಂಪಿಕ್ಸ್ ಮತ್ತು ಅದೇ ವರ್ಷದ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತವನ್ನು ಪ್ರತಿನಿಧಿಸಿದರು. 2015ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಸೇಂಟ್ ರೂಲ್ ಟ್ರೋಫಿಯನ್ನೂ, ಬ್ರಿಟಿಷ್ ಮಹಿಳಾ ಮುಕ್ತ ಹವ್ಯಾಸಿ ಸ್ಟ್ರೋಕ್ ಪ್ಲೇ ಪ್ರಶಸ್ತಿಯನ್ನೂ ಗಳಿಸಿದರು. ಅದೇ ಡಿಸೆಂಬರಿನಲ್ಲಿ ಮೊರಾಕ್ಕೋ ದೇಶದಲ್ಲಿ ನಡೆದ ಯುರೋಪಿಯನ್ ಮಹಿಳಾ ಪ್ರವಾಸದ ಅರ್ಹತಾ ಸ್ಪರ್ಧೆಯಲ್ಲಿ, 17ನೆಯ ವಯಸ್ಸಿನಲ್ಲಿ, ಪ್ರಥಮ ಸ್ಥಾನ ಪಡೆದರು. ಈ ಸ್ಪರ್ಧೆಯನ್ನು ಗೆದ್ದ ಪ್ರಥಮ ಭಾರತೀಯರು ಇವರೇ. 2016ರ ಜನವರಿ 1ರಂದು ಇವರು ವೃತ್ತಿಪರರಾದರು.

ಅದೇ ವರ್ಷದ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲೆರಡು ಸುತ್ತುಗಳಲ್ಲಿ ತಲಾ 68 ಹೊಡೆತಗಳೊಂದಿಗೆ ಮುಂಚೂಣಿಯಲ್ಲಿದ್ದ ಇವರು ಕೊನೆಯಲ್ಲಿ 41ನೆಯ ಸ್ಥಾನಕ್ಕೆ ಇಳಿದರು. ಆದರೆ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಒಂದೇ ಹೊಡೆತದ ಅಂತರದಿಂದ ಗೆದ್ದು, ಯುರೋಪಿಯನ್ ಮಹಿಳಾ ಪ್ರವಾಸದಲ್ಲಿ ವಿಜೇತರಾದ ಪ್ರಥಮ ಭಾರತೀಯರೆನಿಸಿದರು. ಕೆಲವೇ ದಿನಗಳಲ್ಲಿ ಕತಾರ್ ಓಪನ್ ಸಹ ಇವರ ಪಾಲಾಯಿತು.

ಸಾರ್ವಜನಿಕರ ಗಮನವು ಇವರತ್ತ ಹರಿದದ್ದು ಮಾತ್ರ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ. ವಿಶ್ವ ಶ್ರೇಯಾಂಕದಲ್ಲಿ 200ನೆಯವರಾಗಿದ್ದ ಇವರು, ತಾಯಿಯವರನ್ನೇ ಕ್ಯಾಡಿಯಾಗಿ ಜೊತೆಗಿರಿಸಿಕೊಂಡು ಮೂರು ಸುತ್ತುಗಳ ನಂತರ ಎರಡನೆಯ ಸ್ಥಾನದಲ್ಲಿದ್ದರು. ಚೆಂಡನ್ನು ದೂರಕ್ಕೆ ಹೊಡೆಯುವ ಶಕ್ತಿಯಲ್ಲಿ ಪ್ರತಿಸ್ಪರ್ಧಿಗಳಿಗಿಂತ ಬಹಳ ಹಿಂದಿದ್ದರೂ, ಕುಳಿಯ ಸಮೀಪದ ನಿಖರ ಆಟದಿಂದ ಆ ಕೊರತೆಯನ್ನು ತುಂಬಿಕೊಂಡರು. ನಾಲ್ಕು ಸುತ್ತುಗಳಲ್ಲಿ ಇವರು ಬಳಸಿದ ಹೊಡೆತಗಳು 269. ಬೆಳ್ಳಿ ಮತ್ತು ಕಂಚು ಪಡೆದವರು ಬಳಸಿದ್ದು 268. ಹೀಗೆ ನಾಲ್ಕನೆಯ ಸ್ಥಾನ ದೊರೆಯಿತು. ಪದಕವಿಲ್ಲದ ಈ ಸಾಧನೆಯು, ಗಾಲ್ಫ್ ವೀಕ್ಷಿಸುವ ರೂಢಿಯೇ ಇಲ್ಲದ ಅನೇಕರನ್ನು ಮುಂಜಾನೆ ದೂರದರ್ಶನದ ಮುಂದೆ ಕೂರಿಸಿತೆಂಬುದು ಗಮನಾರ್ಹ.

2023ರಲ್ಲಿ ಕೀನ್ಯಾ ಹಾಗೂ ಸ್ಪೇನ್ ದೇಶಗಳ ಓಪನ್ ಪ್ರಶಸ್ತಿಗಳನ್ನು ಗೆದ್ದರು. ಇವೆರಡರ ನಡುವೆ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ನಡೆಯಿತು. ಅಲ್ಲಿ ಮೂರನೆಯ ಸುತ್ತಿನಲ್ಲಿ 61 ಹೊಡೆತಗಳೊಂದಿಗೆ ಏಳು ಹೊಡೆತಗಳ ಮುನ್ನಡೆ ಪಡೆದಿದ್ದರೂ, ಅಂತಿಮ ದಿನ 77 ಹೊಡೆತಗಳಾಗಿ ಚಿನ್ನ ಕೈತಪ್ಪಿತು. ಆದಾಗ್ಯೂ ಆ ಬೆಳ್ಳಿಯು ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರು ಗಳಿಸಿದ ಪ್ರಥಮ ಪದಕವಾಗಿರುತ್ತದೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರನೆಯ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಆಡಿ 29ನೆಯ ಸ್ಥಾನವನ್ನು ಹಂಚಿಕೊಂಡರು. ಭಾರತ ಸರ್ಕಾರವು 2020ನೇ ಸಾಲಿನ ಅರ್ಜುನ ಪ್ರಶಸ್ತಿಯನ್ನು ನೀಡಿ ಇವರನ್ನು ಗೌರವಿಸಿದೆ.