ಹರ್ಕ್ಯುಲಿಸ್ (ಎಮ್ಯುಲೇಟರ್)

ಹರ್ಕ್ಯುಲಿಸ್ ಎಂಬುದು ಐಬಿಎಂ ಸಂಸ್ಥೆಯ ಮೇನ್‌ಫ್ರೇಮ್ ಗಣಕಗಳ ಯಂತ್ರಾಂಶವನ್ನು ಸಾಮಾನ್ಯ ಗಣಕದಲ್ಲಿ ಅನುಕರಿಸುವ ಮುಕ್ತ ಆಕರ ತಂತ್ರಾಂಶ. ಸಿಸ್ಟಮ್/370, ಇಎಸ್‌ಎ/390 ಹಾಗೂ 64 ಬಿಟ್‌ಗಳ ಝಡ್/ಆರ್ಕಿಟೆಕ್ಚರ್ ವಿನ್ಯಾಸಗಳಿಗಾಗಿ ಬರೆದ ಆದೇಶಗಳನ್ನು ಇದು ಕಾರ್ಯಗತಗೊಳಿಸುತ್ತದೆ. ಇದನ್ನು ರೋಜರ್ ಬೌಲರ್ 1999ರಲ್ಲಿ ರಚಿಸಿದರು. ಬಹುಪಾಲು ಸಿ ಭಾಷೆಯಲ್ಲಿರುವ ಈ ತಂತ್ರಾಂಶವು ಲಿನಕ್ಸ್, ವಿಂಡೋಸ್ ಮೊದಲಾದ ವ್ಯವಸ್ಥೆಗಳಲ್ಲಿ ನಡೆಯುತ್ತದೆ.

ಕಾರ್ಯವಿಧಾನ

ಹರ್ಕ್ಯುಲಿಸ್ ಮೇನ್‌ಫ್ರೇಮ್‌ನ ಪ್ರತಿಯೊಂದು ಆದೇಶವನ್ನೂ ಓದಿ, ಅದರ ಪರಿಣಾಮವನ್ನು ಆತಿಥೇಯ ಗಣಕದ ಪ್ರೊಸೆಸರ್ ಮೂಲಕ ಉಂಟುಮಾಡುತ್ತದೆ. ಡಿಸ್ಕ್, ಟೇಪ್, ಕಾರ್ಡ್ ರೀಡರ್ ಮತ್ತು ಪ್ರಿಂಟರ್‌ಗಳು ಸಾಮಾನ್ಯ ಕಡತಗಳ ರೂಪದಲ್ಲಿರುತ್ತವೆ. 3270 ಟರ್ಮಿನಲ್‌ನ ಬದಲಿಗೆ ಟಿಎನ್3270 ತಂತ್ರಾಂಶವನ್ನು ಬಳಸಲಾಗುತ್ತದೆ.

ಪರೀಕ್ಷೆಯಲ್ಲಿ ಬಳಕೆ

ಕೋಬಾಲ್ ಕ್ರಮವಿಧಿಯನ್ನು ಸಾಮಾನ್ಯ ಗಣಕಕ್ಕೆಂದೇ ಕಂಪೈಲ್ ಮಾಡಿ ಪರೀಕ್ಷಿಸಬಹುದಾದರೂ ಫಲಿತಾಂಶವು ಮೇನ್‌ಫ್ರೇಮ್‌ನದಕ್ಕಿಂತ ಭಿನ್ನವಾಗುವ ಸಂಭವವಿದೆ. ಮೇನ್‌ಫ್ರೇಮ್ ಅಕ್ಷರಗಳನ್ನು ಎಬ್ಸಿಡಿಕ್ ಸಂಕೇತದಲ್ಲಿ ಇರಿಸುತ್ತದೆ. ಇಂಗ್ಲಿಷಿನ ದೊಡ್ಡ 'ಎ' ಅಕ್ಷರದ ಸಂಖ್ಯೆ ಆಸ್ಕಿಯಲ್ಲಿ 65 ಆಗಿದ್ದರೆ ಎಬ್ಸಿಡಿಕ್‌ನಲ್ಲಿ 193. ಆಸ್ಕಿಯಲ್ಲಿ ಅಂಕಿಗಳು ಅಕ್ಷರಗಳಿಗಿಂತ ಮೊದಲು ಬಂದರೆ, ಎಬ್ಸಿಡಿಕ್‌ನಲ್ಲಿ ಅಕ್ಷರಗಳ ನಂತರ ಬರುತ್ತವೆ. ಆದ್ದರಿಂದ ಅಂಕಿ ಮತ್ತು ಅಕ್ಷರಗಳೆರಡೂ ಇರುವ ಖಾತೆಸಂಖ್ಯೆಗಳನ್ನು ವಿಂಗಡಿಸಿದಾಗ ಅನುಕ್ರಮವೇ ಬದಲಾಗುತ್ತದೆ. ಆ ಅನುಕ್ರಮವನ್ನು ನಂಬಿದ ಮುಂದಿನ ಕ್ರಮವಿಧಿಯು ದಾಖಲೆಗಳನ್ನು ತಪ್ಪಾಗಿ ಹೊಂದಿಸಬಹುದು. ಯಂತ್ರವನ್ನೇ ಅನುಕರಿಸುವ ಪರಿಸರದಲ್ಲಿ ಇಂತಹ ದೋಷಗಳು ಮೊದಲೇ ಗೋಚರಿಸುತ್ತವೆ.

ಮಿತಿಗಳು

ಅನುಕರಣೆಯು ತರ್ಕದ ಪರೀಕ್ಷೆಗೆ ಉಪಯುಕ್ತವೇ ಹೊರತು ವೇಗದ ಅಳತೆಗಲ್ಲ. ಆದೇಶಗಳ ಕಾಲಾವಧಿಯೂ ಡಿಸ್ಕ್‌ಗಳ ವರ್ತನೆಯೂ ನೈಜ ಯಂತ್ರಕ್ಕಿಂತ ಬೇರೆಯಾಗಿರುವುದರಿಂದ, ರಾತ್ರಿಯ ಬ್ಯಾಚ್ ಕೆಲಸವು ನಿಗದಿತ ಅವಧಿಯಲ್ಲಿ ಮುಗಿಯುವುದೇ ಎಂಬುದನ್ನು ನೈಜ ಮೇನ್‌ಫ್ರೇಮ್‌ನಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.

ಪರವಾನಗಿ

ಹರ್ಕ್ಯುಲಿಸ್‌ನೊಂದಿಗೆ ಕಾರ್ಯಾಚರಣ ವ್ಯವಸ್ಥೆ ದೊರೆಯುವುದಿಲ್ಲ. ಎಂವಿಎಸ್ 3.8ಜೆ ಮತ್ತು ವಿಎಂ/370ರಂತಹ ಹಳೆಯ ವ್ಯವಸ್ಥೆಗಳನ್ನು ಹವ್ಯಾಸಿಗಳೂ ವಿದ್ಯಾರ್ಥಿಗಳೂ ಇದರಲ್ಲಿ ನಡೆಸುತ್ತಾರೆ. ಝಡ್/ಓಎಸ್ ಬಳಕೆಗೆ ಐಬಿಎಂ ಪರವಾನಗಿ ಅಗತ್ಯ. ಹರ್ಕ್ಯುಲಿಸ್‌ಗಾಗಿ ಸಂಸ್ಥೆಯು ಅದನ್ನು ನೀಡುವುದಿಲ್ಲ. ಟರ್ಬೊಹರ್ಕ್ಯುಲಿಸ್ ಕಂಪನಿಯು ಈ ಕುರಿತು 2010ರಲ್ಲಿ ಐರೋಪ್ಯ ಆಯೋಗಕ್ಕೆ ದೂರು ಸಲ್ಲಿಸಿತು. 2011ರಲ್ಲಿ ದೂರನ್ನು ಹಿಂಪಡೆದ ಬಳಿಕ ಆಯೋಗವು ವಿಚಾರಣೆಯನ್ನು ಮುಕ್ತಾಯಗೊಳಿಸಿತು. ಅಭಿವೃದ್ಧಿ ಮತ್ತು ಪರೀಕ್ಷೆಗಳಿಗಾಗಿ ಐಬಿಎಂ ಝಡ್‌ಪಿಡಿಟಿ ಎಂಬ ತನ್ನದೇ ಎಮ್ಯುಲೇಟರನ್ನು ಹೊಂದಿದೆ. ಇದು ಲಿನಕ್ಸ್ ಗಣಕಗಳಲ್ಲಿ ನಡೆಯುತ್ತದೆ; ವಾಣಿಜ್ಯ ವಹಿವಾಟಿಗೆ ಇದರ ಬಳಕೆಗೆ ಅನುಮತಿಯಿಲ್ಲ.