ಮೇಗುತಿಯ ಕೆಳಗಣ ಬೌದ್ಧಾಲಯ

ಬೌದ್ಧ ಗುಹಾಲಯಗಳೆಂದೊಡನೆ ಅಜಂತೆ, ಕಾರ್ಲೆಗಳ ಹೆಸರುಗಳು ವಾಚಕರ ನೆನಪಿಗೆ ಬರುವುದು ಸಹಜವೇ ಸರಿ. ಆದರೆ ಕೃಷ್ಣೆಯ ಬಡಗಣ ಸೀಮೆಯ ಮಸೂತಿ, ಕೊಲ್ಹಾರಗಳ ಕಡೆಯವರು ಅಂತಹದೊಂದು ಆಲಯವನ್ನು ಕಾಣಬಯಸಿದಲ್ಲಿ ಅಷ್ಟು ದೂರ ಹೋಗಬೇಕಾದುದಿಲ್ಲ. ಅದು ಐಹೊಳೆಯಲ್ಲಿರುತ್ತದೆ. 1997ರವರೆಗೆ ಐಹೊಳೆಯು ವಿಜಾಪುರ ಜಿಲ್ಲೆಗೇ ಸೇರಿದ್ದಿತು. ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ.

ಹಾದಿಯೂ ಕಠಿನವಲ್ಲ. ಊರೂರಿಗೂ ನಿಂತು ಸಾಗುವ ರೈಲುಗಾಡಿಯನ್ನೇರಿದ ಯಾತ್ರಿಕನು ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿ, ಬಾಗಲಕೋಟೆಯ ಮೇಲೆ ಬಾದಾಮಿಯನ್ನು ಸೇರುವನು. ಅಲ್ಲಿಯ ನಾಲ್ಕು ಗುಹಾಲಯಗಳು ಲೋಕಪ್ರಸಿದ್ಧವಾದುವು. ಮೂರನೆಯದರಲ್ಲಿ ಮಂಗಲೇಶನ ಕ್ರಿ. ಶ. 578ರ ಶಾಸನವಿದೆ, ನಾಲ್ಕನೆಯದು ಜೈನರದು. ಇವುಗಳ ನಡುವೆ ಇರುವ ಒಂದು ಸಹಜವಾದ ಗವಿಯಲ್ಲಿ ಕಡೆದ ಮೂರ್ತಿಯು ಬೋಧಿಸತ್ತ್ವ ಪದ್ಮಪಾಣಿಯದೆಂದು ವಿದ್ವಾಂಸರು ಗುರುತಿಸಿರುವರಾದರೂ ಅದರ ಮುಂದೆ ನಿಲ್ಲುವವರು ವಿರಳ.

ಬಾದಾಮಿಯಿಂದ ಸಂತೆಯ ಗಂಟುಮೂಟೆಗಳ ನಡುವೆ ಬಸ್ಸಿನಲ್ಲಿ ಕುಳಿತು, ಸುಮಾರು 35 ಕಿಲೋಮೀಟರು ಸಾಗಿದರೆ ಐಹೊಳೆ. ಊರಿನ ಬೆಟ್ಟದ ನೆತ್ತಿಯಲ್ಲಿ ಜೈನ ಬಸದಿಯೊಂದಿರುವುದು. 'ಮೇಗಣ ಗುಡಿ'ಯೆಂಬುದೇ ಜನರ ಬಾಯಲ್ಲಿ ಮೇಗುತಿಯಾಗಿದೆ. ಕ್ರಿ. ಶ. 634ರಲ್ಲಿ ಕವಿ ರವಿಕೀರ್ತಿಯು ಇದನ್ನು ಕಟ್ಟಿಸಿ, ತನ್ನೊಡೆಯನಾದ ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನು ಸಂಸ್ಕೃತದಲ್ಲಿ ಬರೆಯಿಸಿದನು. ಹರ್ಷನು ಹರ್ಷಗೆಟ್ಟುದನ್ನು ಕನ್ನಡಿಗರು ಅರಿತುದು ಬಹುಮಟ್ಟಿಗೆ ಈ ಕಲ್ಲಿನಿಂದಲೇ. ಆದುದರಿಂದ ಬಂದವರೆಲ್ಲರೂ ಮೇಲಕ್ಕೇ ಏರುವರು.

ಆದರೆ ನೆತ್ತಿಗಿಂತ ತುಸು ಕೆಳಗೆ, ಬೆಟ್ಟದ ಇಳಿಜಾರಿನಲ್ಲಿ ಎರಡು ನೆಲೆಗಳ ಆಲಯವೊಂದುಂಟು. ಮುಂದಣ ಕಂಬಗಳ ಮೊಗಸಾಲೆಯನ್ನು ಕಲ್ಲಿನಿಂದ ಕಟ್ಟಿದೆ; ಹಿಂದಣ ಭಾಗವನ್ನು ಬಂಡೆಯಲ್ಲಿ ಕೊರೆದಿದೆ. ಹೀಗೆ ಇದು ಅರ್ಧ ಗುಡಿ, ಅರ್ಧ ಗವಿ. ಮೇಲಣ ಮೊಗಸಾಲೆಯ ಮಾಳಿಗೆಯಲ್ಲಿ ಆಸೀನನಾದ ಬುದ್ಧನ ಉಬ್ಬುಶಿಲ್ಪವಿದೆ. ಕಲ್ಲನ್ನು ಕಡೆಯುವ ಹಳೆಯ ಪದ್ಧತಿಯೂ, ಕಲ್ಲಿನಿಂದ ಕಟ್ಟುವ ಹೊಸ ಪದ್ಧತಿಯೂ ಇಲ್ಲಿ ಒಂದೇ ಮನೆಯಲ್ಲಿ ಕೂಡಿರುವುವು. ರವಿಕೀರ್ತಿಯದರಂತಹ ದೀರ್ಘ ಪ್ರಶಸ್ತಿಯು ಮಾತ್ರ ಇದರ ಪಾಲಿಗೆ ಬರಲಿಲ್ಲ.

ಪ್ರಶಸ್ತಿಯಿಲ್ಲವೆಂದು ಇದನ್ನು ಯಾರೋ ಕೆಲವು ಭಿಕ್ಷುಗಳ ಬಿಡಾರವೆಂದು ಬಗೆಯಬಹುದೇ? ಬಗೆಯಲಾಗದು. ಮೇಗುತಿಯ ಶಾಸನವಾದ ಏಳೆಂಟು ವರ್ಷಗಳೊಳಗೆ, 641ರ ಸುಮಾರಿಗೆ, ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದನು. ಹರ್ಷನಿಗೆ ಈ ಅರಸನು ಮಣಿಯಲಿಲ್ಲವೆಂಬ ಮಾತನ್ನು ಅವನೂ ಬರೆದಿಟ್ಟಿರುವನು. ಅದರೊಡನೆ, ಈ ನಾಡಿನಲ್ಲಿ ನೂರರಷ್ಟು ಸಂಘಾರಾಮಗಳೂ 5000ದಷ್ಟು ಭಿಕ್ಷುಗಳೂ ಇದ್ದರೆಂದು ಹೇಳುವನು. ಅರಸನ ಯುದ್ಧದ ವಿಷಯದಲ್ಲಿ ಇಬ್ಬರು ಸಾಕ್ಷಿಗಳ ಮಾತೂ ಒಂದೇ; ಭಿಕ್ಷುಗಳ ವಿಷಯವನ್ನು ನುಡಿದವನು ಒಬ್ಬನೇ. ಅವನ ಮಾತಿಗೆ ಬೆಂಬಲವಾಗಿ ನಿಂತಿರುವುದು ಮಾತಿಲ್ಲದ ಈ ಗುಹಾಲಯ.

ರವಿಕೀರ್ತಿಯು ಬೌದ್ಧರನ್ನು ಮರೆಮಾಚಿದನೆಂದಲ್ಲ. ತನ್ನ ದೊರೆಯ ಕೀರ್ತಿಯನ್ನೂ ತನ್ನ ಜಿನಾಲಯವನ್ನೂ ಹೇಳುವುದೇ ಅವನ ಕಾರ್ಯವಾಗಿದ್ದಿತು. ತಪ್ಪು ಓದುವವರದು. ಶಾಸನವು ಹೇಳದುದೆಲ್ಲವೂ ಇಲ್ಲದುದೆಂದು ತಿಳಿಯುವುದು ಇತಿಹಾಸಕ್ಕೆ ಸಲ್ಲದು. ಗದಗಿನ ಬಳಿಯ ಡಂಬಳದಲ್ಲಿ 1095ರಷ್ಟು ಈಚೆಗೂ ತಾರಾದೇವಿಯ ಬೌದ್ಧಾಲಯಕ್ಕೆ ದಾನ ಸಂದುದನ್ನು ಅಲ್ಲಿಯ ಶಾಸನವು ತಿಳಿಸುವುದು. ಎಂದರೆ, ಕನ್ನಡ ನಾಡಿನಲ್ಲಿ ಬೌದ್ಧಮತವು ಬಂದು ಹೋದ ಅತಿಥಿಯಲ್ಲ. ಶತಮಾನಗಳ ಕಾಲ ಬಾಳಿದ ಮನೆಯ ಮಗನು.

ಮೇಗುತಿಯಿಂದ ಇಳಿಯುವಾಗ ಸಂಜೆಯ ಬಸ್ಸಿನ ಅವಸರವಿರುವುದು ದಿಟ. ಆದರೂ ಮೇಲೆ ಓದಿದುದನ್ನು ಪೂರ್ತಿಗೊಳಿಸಬೇಕೆಂಬ ಯಾತ್ರಿಕನು ಇಳಿಜಾರಿನ ಆ ಎರಡು ನೆಲೆಯ ಮೊಗಸಾಲೆಯಲ್ಲಿ ಕೆಲಹೊತ್ತು ನಿಲ್ಲತಕ್ಕದ್ದು.